ಕಾಫಿ ಕಣದ ಓಟ

ಕೊಡಗಿನ ಹಾತೂರಿನ ನಮ್ಮ ಮನೆಯ ಹಿಂದೆ ಕಾಫಿ ಒಣಗಿಸುವ ಸಿಮೆಂಟ್ ಕಣ ಒಂದಿತ್ತು. ಜನವರಿಯಿಂದ ಮಾರ್ಚ್ ಮುಗಿಯುವವರೆಗೆ ಅಲ್ಲಿ ಕಾಲಿಡುವಂತಿರಲಿಲ್ಲ, ಹಣ್ಣು ಕಾಫಿ ಹರಡಿರುತ್ತಿತ್ತು. ಕೊನೆಯ ಮೂಟೆ ಲಾರಿ ಹತ್ತಿದ ಮಾರನೆಯ ದಿನದಿಂದ ಮುಂಗಾರು ಹಿಡಿಯುವ ತನಕ ಕಣ ನನ್ನದು. ಈ ತುದಿಯಿಂದ ಆ ತುದಿಗೆ ಅಪ್ಪನ ಹೆಜ್ಜೆಯಲ್ಲಿ ಅರವತ್ತು. ಬರಿಗಾಲಲ್ಲಿ ಓಡುತ್ತಿದ್ದೆ. ಸಿಮೆಂಟ್ ಬಿರುಕು ಬಿಟ್ಟ ಒಂದು ಜಾಗದಲ್ಲಿ ಹೆಬ್ಬೆರಳು ತಾಗಿ ಎಷ್ಟು ಸಲ ಉಗುರು ಕಿತ್ತಿದೆಯೋ ಲೆಕ್ಕವಿಲ್ಲ. ಅವ್ವ ಅರಿಶಿನ ಹಚ್ಚಿ ಬಟ್ಟೆ ಸುತ್ತುತ್ತಾ, "ಓಡಿ ಎಲ್ಲಿಗೆ ಹೋಗಬೇಕು ನಿನಗೆ?" ಎನ್ನುತ್ತಿದ್ದರು. ಬೈಗುಳವಲ್ಲ ಅದು. ನಿಜವಾಗಿಯೂ ಅವರಿಗೆ ಉತ್ತರ ಬೇಕಿತ್ತು. ನನ್ನ ಹತ್ತಿರ ಇರಲಿಲ್ಲ.

ಕೊಡಗಿಗೆ ಓಟ ಹೊಸದೇನಲ್ಲ. ನಾಟಿಯ ಕೊನೆಯ ದಿನ ಮನೆಯ ಅತಿ ದೊಡ್ಡ ಗದ್ದೆಯಲ್ಲಿ ಉದ್ದಕ್ಕೂ ಒಂದು ಪಟ್ಟಿ ನೆಡದೆ ಬಿಟ್ಟು, ಅದರಲ್ಲಿ ಮೊಣಕಾಲುದ್ದ ಕೆಸರು ಸೀಳಿಕೊಂಡು ಓಡುವ ನಾಟಿ ಓಟ ತಲೆತಲಾಂತರದ್ದು. ಗೆದ್ದವನಿಗೆ ಬಾಳೆಗೊನೆ, ತೆಂಗಿನಕಾಯಿ, ಹಲಸಿನಹಣ್ಣು. ನಾನು ಕಂಡ ಓಟಗಳಲ್ಲಿ ಓಡುತ್ತಿದ್ದವರು ಗಂಡಸರು. ನಾವು ಬದುವಿನ ಮೇಲೆ ನಿಂತು ಕೂಗುತ್ತಿದ್ದೆವು. ಕೈಲ್‌ಪೋಳ್ದ್ ಹಬ್ಬದ ದಿನ ಮೈದಾನದಲ್ಲಿ ನಮಗೂ ಆಟಗಳಿರುತ್ತಿದ್ದವು, ಆದರೆ ಚಮಚದಲ್ಲಿ ನಿಂಬೆಹಣ್ಣು ಇಟ್ಟುಕೊಂಡು ನಡೆಯುವುದು, ಸೂಜಿಗೆ ದಾರ ಪೋಣಿಸುವುದು, ಇಂಥವು. ನಿಂಬೆಹಣ್ಣು ಬೀಳದಂತೆ ಓಡುವುದನ್ನು ನಾನು ಕಲಿಯಲೇ ಇಲ್ಲ.

ಹೈಸ್ಕೂಲಿನಲ್ಲಿ ನೂರು ಮೀಟರಿಗೆ ನನ್ನನ್ನು ಆರಿಸಿದಾಗ ಮೊದಲು ಎದ್ದ ಪ್ರಶ್ನೆ ಬಟ್ಟೆಯದು. ಮೊಣಕಾಲು ಮುಚ್ಚುವ ಸ್ಕರ್ಟಿನಲ್ಲೇ ಓಡಬೇಕೆಂದು ಶಾಲೆಯ ಹಿರಿಯರೊಬ್ಬರು ಕಟ್ಟುನಿಟ್ಟಾಗಿ ಹೇಳಿದರು. ಓಡಿದೆ. ಎರಡನೆಯ ಪ್ರಶ್ನೆ ಸ್ಪೈಕ್ಸ್ ಬೂಟಿನದು. ತಾಲ್ಲೂಕು ಮಟ್ಟಕ್ಕೆ ಹೋದಾಗ ಮೇಲಿನ ತರಗತಿಯ ಹುಡುಗನೊಬ್ಬ ತನ್ನದನ್ನು ಕೊಟ್ಟ. ನನಗೆ ಎರಡು ಅಳತೆ ದೊಡ್ಡದು. ಮುಂಭಾಗಕ್ಕೆ ಹಳೆಯ ಪಂಚೆಯ ಚೂರು ತುರುಕಿ, ಲೇಸನ್ನು ಪಾದದ ಅಡಿಯಿಂದ ಸುತ್ತಿ ಬಿಗಿದುಕೊಂಡೆ. ಆರು ಮೊಳೆ ನೆಲಕ್ಕೆ ಕಚ್ಚಿ ದೇಹವನ್ನು ಮುಂದಕ್ಕೆ ನೂಕಿದ ಆ ಮೊದಲ ಹೆಜ್ಜೆ ನನ್ನ ಅಂಗಾಲಿಗೆ ಇವತ್ತೂ ನೆನಪಿದೆ. ಎರಡನೆಯವಳಾಗಿ ಬಂದೆ.

ಅಲ್ಲಿಗೆ ನನ್ನ ಓಟ ಬಹುಮಟ್ಟಿಗೆ ಮುಗಿಯಿತು. ಆಗೆಲ್ಲ ಹಾಗೇ. ಕೊಡಗಿನ ಗಂಡುಮಕ್ಕಳಿಗೆ ಹಾಕಿ ಇತ್ತು, ಹಾಕಿಯ ಹಿಂದೆ ಸೈನ್ಯವೋ ರೈಲ್ವೆಯೋ ಬ್ಯಾಂಕೋ ಇತ್ತು. ಎಂ.ಪಿ. ಗಣೇಶ್ 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ತಂಡದಲ್ಲಿದ್ದವರು. ಎಂ.ಎಂ. ಸೋಮಯ್ಯ 1980ರಲ್ಲಿ ಮಾಸ್ಕೋದಿಂದ ಚಿನ್ನ ತಂದವರು. ಆ ದಾರಿ ಕಣ್ಣಿಗೆ ಕಾಣುತ್ತಿತ್ತು. ಓಡುವ ಹುಡುಗಿಯ ದಾರಿ ಮದುವೆ ಚಪ್ಪರದ ಬಾಗಿಲಲ್ಲಿ ನಿಲ್ಲುತ್ತಿತ್ತು. ನಾನು ಹಟ ಮಾಡಿ ದೈಹಿಕ ಶಿಕ್ಷಣದ ತರಬೇತಿ ಪಡೆದು ಪಿ.ಟಿ. ಟೀಚರ್ ಆದೆ. ಓಟ ನನಗೆ ಅನ್ನ ಕೊಟ್ಟದ್ದು ಹೀಗೆ, ಓಡಿಸುವವಳಾಗಿ.

ಅಶ್ವಿನಿ ನಾಚಪ್ಪ ಎಂಬ ಹೆಸರನ್ನು ನಾನು ಮೊದಲು ಓದಿದ್ದು ಪತ್ರಿಕೆಯ ಕ್ರೀಡಾಪುಟದಲ್ಲಿ. ನಮ್ಮ ಜಿಲ್ಲೆಯ ಮನೆತನದ ಹುಡುಗಿ, 1967ರಲ್ಲಿ ಹುಟ್ಟಿದವಳು, ನನಗಿಂತ ಚಿಕ್ಕವಳು, ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಅಭ್ಯಾಸ. ಆಗ ದೇಶದಲ್ಲಿ ಹೆಂಗಸರ ಓಟವೆಂದರೆ ಪಿ.ಟಿ. ಉಷಾ, ಬೇರೆ ಹೆಸರಿರಲಿಲ್ಲ. 1984ರಲ್ಲಿ ಲಾಸ್ ಏಂಜಲೀಸಿನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕೈತಪ್ಪಿದ ಉಷಾಗಾಗಿ ನಮ್ಮ ಊರಿನಲ್ಲೂ ಕಣ್ಣೀರು ಹಾಕಿದವರಿದ್ದರು. ಅಂಥ ಉಷಾರನ್ನು ಅಶ್ವಿನಿ ಟ್ರ್ಯಾಕಿನಲ್ಲಿ ಹಿಂದೆ ಹಾಕಿದ ಸುದ್ದಿ ಬಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಪತ್ರಿಕೆ ಕೈಯಿಂದ ಕೈಗೆ ಹೋಗಿ ಮಡಿಕೆಯಲ್ಲಿ ಹರಿದೇ ಹೋಯಿತು.

1988ರಲ್ಲಿ ಅಶ್ವಿನಿಗೆ ಅರ್ಜುನ ಪ್ರಶಸ್ತಿ ಬಂತು. ಅದೇ ವರ್ಷ ಅಮೆರಿಕದ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್, ಜನರ ಬಾಯಲ್ಲಿ ಫ್ಲೋಜೋ, ನೂರು ಮೀಟರನ್ನು 10.49 ಸೆಕೆಂಡಿನಲ್ಲಿ ಓಡಿದರು. ಬಣ್ಣದ ಉಗುರು, ಮೈಗಂಟಿದ ಉಡುಪು, ಬಿಟ್ಟ ಕೂದಲು ಎಲ್ಲವೂ ಜಗತ್ತಿನ ಕಣ್ಣು ಸೆಳೆದವು. ಆ ದಾಖಲೆಯನ್ನು ಇವತ್ತಿಗೂ ಯಾರೂ ಮುರಿದಿಲ್ಲ. ನಮ್ಮ ಪತ್ರಿಕೆಗಳು ಅಶ್ವಿನಿಯನ್ನು ಭಾರತದ ಫ್ಲೋಜೋ ಎಂದು ಕರೆದವು. ಕೆಲವರಿಗೆ ಅದು ಬರೀ ಚೆಲುವಿನ ಮಾತು. ನನಗೆ ಅದು ಕೆಲಸಕ್ಕೆ ಬಂದ ಮಾತು. ಮಗಳು ಚಡ್ಡಿ ಹಾಕಿ ಓಡುವುದು ಬೇಡ ಎಂದು ಬರುವ ಅಪ್ಪಂದಿರಿಗೆ ತೋರಿಸಲು ಆಕೆಯ ಬಣ್ಣದ ಫೋಟೊ ಒಂದನ್ನು ವಾರಪತ್ರಿಕೆಯಿಂದ ಕತ್ತರಿಸಿ ಹಾಜರಿ ಪುಸ್ತಕದಲ್ಲಿ ಇಟ್ಟುಕೊಂಡಿದ್ದೆ. "ನಮ್ಮ ಕೊಡಗಿನ ಹುಡುಗಿ" ಎಂದರೆ ಅರ್ಧ ವಾದ ಮುಗಿಯುತ್ತಿತ್ತು.

ಒಮ್ಮೆ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿಗೆ ಹೋದಾಗ ಹಳೆಯ ಕಂಠೀರವದಲ್ಲಿ ಅಶ್ವಿನಿಯ ಅಭ್ಯಾಸ ನೋಡಿದೆ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಹೊಸದಾಗಿ ಕಟ್ಟುವ ಮುಂಚಿನ ಕಂಠೀರವ ಅದು. ಗೆರೆಯಿಂದ ಹಿಂದಕ್ಕೆ ಹಿಮ್ಮಡಿಗೆ ಬೆರಳು ತಾಗಿಸುತ್ತಾ ಪಾದದಲ್ಲಿ ಅಳೆದು ಸ್ಟಾರ್ಟಿಂಗ್ ಬ್ಲಾಕ್ ಇಟ್ಟರು. ಕೂತರು. ಎದ್ದರು. ಬ್ಲಾಕನ್ನು ಒಂದು ಬೆರಳಿನಷ್ಟು ಸರಿಸಿದರು. ಮತ್ತೆ ಕೂತರು. ಓಡಿದ್ದು ಮೂವತ್ತು ಮೀಟರ್ ಅಷ್ಟೆ, ವಾಪಸ್ ನಡೆದು ಬಂದು ಮತ್ತದೇ. ನನ್ನ ಹುಡುಗಿಯರಿಗೆ ಬೇಸರ ಬಂತು. ನನಗೆ ಕದಲಲು ಮನಸ್ಸಿರಲಿಲ್ಲ. ಓಟವೆಂದರೆ ಈ ಬೆರಳಿನಷ್ಟು ಅಂತರದ ಕೆಲಸ ಎಂದು ಅಂದು ಅರ್ಥವಾಯಿತು.

1991ರಲ್ಲಿ 'ಅಶ್ವಿನಿ' ಬಂತು, ತೆಲುಗು ಸಿನಿಮಾ. ರಾಮೋಜಿ ರಾವ್ ಅವರ ಉಷಾಕಿರಣ್ ಮೂವೀಸ್ ಸಂಸ್ಥೆಯದು, ಮೌಳಿ ನಿರ್ದೇಶನ. ಓಟಗಾರ್ತಿ ಅಶ್ವಿನಿಯ ಕಥೆಯಲ್ಲಿ ಅಶ್ವಿನಿಯೇ ನಾಯಕಿ. ಅಭಿನಯಕ್ಕೆ ನಂದಿ ಪ್ರಶಸ್ತಿಯೂ ಸಿಕ್ಕಿತು. ಗೋಣಿಕೊಪ್ಪಲಿನ ಅಂಗಡಿಯಿಂದ ಕ್ಯಾಸೆಟ್ ತಂದು, ವಿ.ಸಿ.ಆರ್. ಇದ್ದ ನೆರೆಮನೆಯಲ್ಲಿ ನೋಡಿದೆವು. ಚಾಪೆಯ ಮೇಲೆ ಹದಿನೈದು ಇಪ್ಪತ್ತು ಜನ, ಹೆಚ್ಚಿನವರು ಹೆಂಗಸರು. ತೆಲುಗು ಯಾರಿಗೂ ಬಾರದು. ಮಾತಿನ ದೃಶ್ಯ ಬಂದಾಗಲೆಲ್ಲ ಗುಸುಗುಸು, ಕಾಫಿ ಲೋಟದ ಸದ್ದು. ಓಟ ಬಂದ ಕೂಡಲೇ ಕೋಣೆ ನಿಶ್ಶಬ್ದ. ಸಿನಿಮಾದಲ್ಲಿ ಓಡುವ ನಾಯಕಿಯರನ್ನು ಅದಕ್ಕೂ ಮೊದಲು ಕಂಡಿದ್ದೆವು. ತೋಳು ಅಡ್ಡಡ್ಡ ಬೀಸುತ್ತಾ ಓಡುವವರು. ಇಲ್ಲಿ ಬ್ಲಾಕಿನಲ್ಲಿ ಕೂತ ಕ್ಷಣವೇ ಗೊತ್ತಾಗುತ್ತಿತ್ತು. ಹಾಗೆ ಕೂರುವುದನ್ನು ಯಾವ ನಟನಾಶಾಲೆಯೂ ಕಲಿಸಲಾರದು, ವರ್ಷಗಟ್ಟಲೆ ಮೈ ಕಲಿತದ್ದು ಅದು. ಅವ್ವ ಅರ್ಧದಲ್ಲಿ ನನ್ನ ಮೊಣಕೈ ಒತ್ತಿ, "ಇವಳಿಗೆ ಗೊತ್ತಿತ್ತೇನೋ ಎಲ್ಲಿಗೆ ಓಡಬೇಕೆಂದು" ಎಂದರು. ಕಣದ ಮಾತನ್ನು ಅವರು ಮರೆತಿರಲಿಲ್ಲ.

ಆಮೇಲೆ 'ಇನ್‌ಸ್ಪೆಕ್ಟರ್ ಅಶ್ವಿನಿ'ಯಂಥ ಸಿನಿಮಾಗಳೂ ಬಂದವು. ಅವುಗಳ ಬಗ್ಗೆ ಹೇಳಲು ನನ್ನಲ್ಲಿ ಹೆಚ್ಚಿಲ್ಲ.

ಸ್ಪರ್ಧೆಯಿಂದ ಪ್ರದರ್ಶನಕ್ಕೆ ಹೋಗುವುದು ಎಲ್ಲ ಆಟಗಳಲ್ಲಿ ಒಂದೇ ಥರ ಅಲ್ಲ. ನಾರ್ವೆಯ ಸೋಂಜಾ ಹೆನಿ ಫಿಗರ್ ಸ್ಕೇಟಿಂಗಿನಲ್ಲಿ 1928, 1932, 1936ರ ಮೂರು ಒಲಿಂಪಿಕ್ ಚಿನ್ನ, ಹತ್ತು ವಿಶ್ವ ಪ್ರಶಸ್ತಿ ಗೆದ್ದು, ವೃತ್ತಿಪರಳಾಗಿ ಐಸ್ ಶೋಗಳಿಗೂ ಹಾಲಿವುಡ್ಡಿಗೂ ಹೋದಳು. ಆದರೆ ಅವಳ ಕಾಲಡಿಯ ಮಂಜುಗಡ್ಡೆ ಬದಲಾಗಲಿಲ್ಲ, ಬೂಟಿನ ಅಲಗೂ ಅದೇ. ಪದಕಕ್ಕಾಗಿ ಕಲಿತ ಸುತ್ತು, ನೆಗೆತಗಳನ್ನೇ ಜನ ಟಿಕೆಟ್ ಕೊಂಡು ನೋಡಿದರು. ನೂರು ಮೀಟರ್ ಓಟಗಾರ್ತಿಗೆ ಆ ಭಾಗ್ಯವಿಲ್ಲ. ಎದುರಾಳಿ ಇಲ್ಲದೆ, ಗಡಿಯಾರ ಇಲ್ಲದೆ ಒಬ್ಬಳು ಓಡುವುದನ್ನು ದುಡ್ಡು ಕೊಟ್ಟು ಯಾರು ನೋಡುತ್ತಾರೆ? ವೇಗ ಇಳಿದ ದಿನ ಅವಳು ಪೂರ್ತಿ ಬೇರೆ ಬದುಕು ಕಟ್ಟಿಕೊಳ್ಳಬೇಕು. ಅದಕ್ಕೇ ಅಶ್ವಿನಿಯ ಬದುಕಿನಲ್ಲಿ ನನಗೆ ದೊಡ್ಡದಾಗಿ ಕಾಣುವುದು ಉಷಾ ವಿರುದ್ಧದ ಗೆಲುವೂ ಅಲ್ಲ, ಸಿನಿಮಾವೂ ಅಲ್ಲ. ಆಕೆ ಊರಿಗೆ ಮರಳಿದ್ದು.

ಮರಳಿ ಬಂದು, ಹಾಕಿ ಆಟಗಾರರಾಗಿದ್ದ ಪತಿ ದತ್ತ ಕರುಂಬಯ್ಯ ಅವರ ಜೊತೆ ಗೋಣಿಕೊಪ್ಪಲಿನ ಬಳಿ ಶಾಲೆ ಕಟ್ಟಿದರು. ಕರುಂಬಯ್ಯಾಸ್ ಅಕಾಡೆಮಿ ಫಾರ್ ಲರ್ನಿಂಗ್ ಅಂಡ್ ಸ್ಪೋರ್ಟ್ಸ್ ಎಂದು ಹೆಸರು, ನಮ್ಮ ಬಾಯಲ್ಲಿ ಕಾಲ್ಸ್. ಹೆಸರಿನಲ್ಲೇ ಪಾಠಕ್ಕೂ ಆಟಕ್ಕೂ ಸಮನಾದ ಜಾಗ ಕೊಟ್ಟ ಶಾಲೆ ನಮ್ಮ ಊರಿನಲ್ಲೇ ಶುರುವಾದಾಗ, ಅಷ್ಟು ವರ್ಷ ವಾರಕ್ಕೆ ಎರಡು ಪೀರಿಯಡ್ಡಿಗಾಗಿ ಗಣಿತ ಮೇಷ್ಟರ ಜೊತೆ ಜಗಳವಾಡಿದ್ದ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಆ ಹೊತ್ತಿಗೆ ಕೊಡಗೇ ಬದಲಾಗುತ್ತಿತ್ತು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಒಕ್ಕಗಳನ್ನು, ಅಂದರೆ ಮನೆತನಗಳನ್ನು, ಸೇರಿಸಿ ಶುರುಮಾಡಿದ ಕೌಟುಂಬಿಕ ಹಾಕಿ ಹಬ್ಬ 2025ರಲ್ಲಿ ಮಡಿಕೇರಿಯಲ್ಲಿ ನಡೆದಾಗ 396 ತಂಡಗಳಿದ್ದವು. ಅಜ್ಜ, ಸೊಸೆ, ಮೊಮ್ಮಗಳು ಒಂದೇ ತಂಡದಲ್ಲಿ ಆಡುತ್ತಾರೆ. ಬದುವಿನ ಮೇಲೆ ನಿಂತು ಕೂಗುತ್ತಿದ್ದ ಹೆಂಗಸರು ಸ್ಟಿಕ್ ಹಿಡಿದು ಒಳಗೆ ಬಂದದ್ದನ್ನು ನಾನು ಕಣ್ಣಾರೆ ಕಂಡೆ. ನಮ್ಮವರೇ ಆದ ಅಶ್ವಿನಿ ಪೊನ್ನಪ್ಪ 2010ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಜ್ವಾಲಾ ಗುಟ್ಟಾ ಜೊತೆ ಬ್ಯಾಡ್ಮಿಂಟನ್ ಡಬಲ್ಸ್ ಚಿನ್ನ ಗೆದ್ದಾಗ, ಆ ಹೆಸರು ಕೇಳಿ ಆಶ್ಚರ್ಯಪಡುವವರು ನಮ್ಮಲ್ಲಿ ಉಳಿದಿರಲಿಲ್ಲ. ಹುಡುಗಿ ಆಡಿದರೆ ಮುಂದೇನು ಎಂದು ಕೇಳುತ್ತಿದ್ದ ಅಪ್ಪಂದಿರು ಈಗ ನನ್ನನ್ನು ನಿಲ್ಲಿಸಿ, ಯಾವ ಕೋಚ್ ಒಳ್ಳೆಯವರು, ಯಾವ ಹಾಸ್ಟೆಲಿಗೆ ಸೇರಿಸಬೇಕು ಎಂದು ಕೇಳತೊಡಗಿದರು. ಪೊನ್ನಂಪೇಟೆಯ ಕ್ರೀಡಾ ಹಾಸ್ಟೆಲಿನಲ್ಲಿ, ಕೂಡಿಗೆಯ ಕ್ರೀಡಾಶಾಲೆಯಲ್ಲಿ ಸೀಟಿಗಾಗಿ ಮಕ್ಕಳು ಸಾಲು ನಿಂತರು. ನನ್ನ ಹಾಜರಿ ಪುಸ್ತಕದ ಫೋಟೊ ಯಾವಾಗ ಬೇಡವಾಯಿತೋ ತಿಳಿಯಲೇ ಇಲ್ಲ. ಒಂದು ದಿನ ತೆಗೆದು ನೋಡಿದರೆ ಬಣ್ಣವೆಲ್ಲ ಹೋಗಿತ್ತು.

ಕಳೆದುಕೊಂಡದ್ದೂ ಇದೆ. ಎಷ್ಟೋ ಗದ್ದೆಗಳು ಪಾಳು ಬಿದ್ದಿವೆ, ಕೆಲವು ಮಣ್ಣು ತುಂಬಿಸಿಕೊಂಡು ಸೈಟುಗಳಾಗಿವೆ. ನಾಟಿ ಓಟ ಈಗ ಮೈಕು, ಶಾಮಿಯಾನ, ಟ್ರೋಫಿಗಳ ಕೆಸರುಗದ್ದೆ ಕ್ರೀಡಾಕೂಟ. ಹುಡುಗಿಯರು ಅದರಲ್ಲಿ ಓಡುತ್ತಾರೆ, ಆದ್ದರಿಂದ ನಾನು ದೂರುವುದಿಲ್ಲ. ನನ್ನ ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ. ಮೂವತ್ತು ವರ್ಷ ಮಕ್ಕಳನ್ನು ಓಡಿಸಿದವಳು ಹೇಳುತ್ತೇನೆ, ನನ್ನ ಕೈಗೆ ಸಿಕ್ಕ ಅತಿ ವೇಗದ ಕಾಲುಗಳು ತೋಟದ ಲೈನ್‌ಮನೆಗಳವು, ಯರವ ಬುಡಕಟ್ಟಿನ ಮಕ್ಕಳವು. ದಿನಾ ಬೆಳಿಗ್ಗೆ ತೋಟದೊಳಗಿನ ಏರುದಾರಿಯಲ್ಲಿ, ಮಳೆಗಾಲದಲ್ಲಿ ಜಿಗಣೆ ಕಿತ್ತೆಸೆಯುತ್ತಾ ಶಾಲೆಗೆ ಬರುವವರು. ಫೀಸು ಕಟ್ಟುವ ವಸತಿ ಶಾಲೆ ಅವರಿಗಲ್ಲ. ನನ್ನ ಹತ್ತಿರ ಓಡಿದ ಒಬ್ಬಳು ಹೋಬಳಿ ಮಟ್ಟದಲ್ಲಿ ಬರಿಗಾಲಲ್ಲಿ ಗೆದ್ದು, ಜಿಲ್ಲೆಗೆ ಹೋಗುವ ಹಿಂದಿನ ವಾರ ಕಾಫಿ ಕುಯ್ಲು ಮುಗಿಯಿತೆಂದು ಮನೆಯವರ ಜೊತೆ ಬೇರೆ ತೋಟಕ್ಕೆ ಹೋಗಿಬಿಟ್ಟಳು. ಮತ್ತೆ ಶಾಲೆಗೆ ಬರಲಿಲ್ಲ. ಸ್ಟಾರ್ಟ್ ತೆಗೆದುಕೊಳ್ಳುವಾಗ ಅವಳು ಕೆಳತುಟಿ ಕಚ್ಚುತ್ತಿದ್ದಳು. ಅವಳಷ್ಟು ಚೆನ್ನಾಗಿ ಬ್ಲಾಕ್ ಬಿಟ್ಟು ಏಳುವ ಇನ್ನೊಬ್ಬಳು ನನಗೆ ಸಿಗಲಿಲ್ಲ.

ಕೊಡಗಿನಲ್ಲಿ ಆಟಗಾರರಿಲ್ಲದ ಒಕ್ಕ ಕಡಿಮೆ. ಮಗಳದೋ ಮಗನದೋ ಸಣ್ಣದಾಗಿಹೋದ ಸ್ಪೈಕ್ಸ್ ನಿಮ್ಮ ಅಟ್ಟದಲ್ಲಿ ಇದ್ದೇ ಇರುತ್ತದೆ. ಈ ಸಲ ಮನೆ ಗುಡಿಸುವಾಗ ಅದನ್ನು ಎಸೆಯಬೇಡಿ. ಮೊಳೆಗಳಿಗೆ ಎಣ್ಣೆ ಹಚ್ಚಿ, ಹತ್ತಿರದ ಸರ್ಕಾರಿ ಶಾಲೆಯ ಪಿ.ಟಿ. ಟೀಚರ ಕೈಗೆ ಕೊಟ್ಟು ಬನ್ನಿ. ಅಳತೆ ದೊಡ್ಡದಾದರೂ ಅಡ್ಡಿಯಿಲ್ಲ, ಮುಂದೆ ಒಂದಿಷ್ಟು ಬಟ್ಟೆ ತುರುಕಿದರೆ ಆಯಿತು.