ವಾಡಿ ಬಂದರೂ ಕಾಯದ ಗಾಡಿ

ನಮ್ಮ ಕಡೆ ಹಳೆಯ ಕಾರು ಕೊಳ್ಳಲು ಹೋದವರು ಮೊದಲು ಕೇಳುವುದು ‘ಎಸಿ ಹ್ಯಾಂಗ್ ಅದರಿ?’ ಎಂದು. ಎಂಜಿನ್ನು, ಟೈರು, ಕಾಗದಪತ್ರ ಎಲ್ಲ ಆಮೇಲೆ. ಹೀಟರ್ ಹೇಗಿದೆ ಎಂದು ಕೇಳಿದವರನ್ನು ನಾನು ಇದುವರೆಗೆ ಕಂಡಿಲ್ಲ. ನಾನೂ ಕೇಳಿರಲಿಲ್ಲ. ನನ್ನ ಡೀಸೆಲ್ ಗಾಡಿಯ ಸ್ಟೇರಿಂಗಿನ ಪಕ್ಕದಲ್ಲಿ ಒಂದು ತಿರುಗುಣಿ ಇದೆ. ಅದರ ಸುತ್ತ ಅರ್ಧ ನೀಲಿ ಗೆರೆ, ಅರ್ಧ ಕೆಂಪು. ನೀಲಿ ಗೆರೆ ಬೆರಳು ತಾಗಿ ತಾಗಿ ಅಳಿಸಿಹೋಗಿದೆ. ಕೆಂಪು ಮಾತ್ರ ಹೊಸ ಮದುಮಗಳ ಕುಂಕುಮದ ಹಾಗೆ ಇದ್ದದ್ದು ಇದ್ದಂತೆಯೇ ಇದೆ. ಗಾಡಿಯ ಹಿಂದಿನ ಮಾಲೀಕರೂ ಕಲಬುರಗಿ ಜಿಲ್ಲೆಯವರೇ ಎಂದು ತಿಳಿಯಲು ಆರ್‌ಸಿ ತೆಗೆದು ನೋಡುವ ಅಗತ್ಯವೇ ಇರಲಿಲ್ಲ.

ಬಿಸಿಲಿಗೆ ನಮ್ಮಲ್ಲಿ ಇರುವ ಮರ್ಯಾದೆ ಥಂಡಿಗೆ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳ ವೇಳೆಯೇ ಬದಲಾಗುತ್ತದೆ, ಬೆಳಗ್ಗೆ 8ರಿಂದ ಮಧ್ಯಾಹ್ನ 1.30. ಬಿಸಿಲು ಬಂತೆಂದರೆ ಸರಕಾರವೂ ಎದ್ದು ಜಾಗ ಬಿಡುತ್ತದೆ. ನಮ್ಮೂರು ತೆಂಗಳಿಯ ಹಳೆಯ ಮನೆಗಳ ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಮುಷ್ಟಿಯಷ್ಟು ಬೆಳಕಿಂಡಿ, ಎಲ್ಲವೂ ಬಿಸಿಲಿಗೆ ಹೆದರಿ ಕಟ್ಟಿದವು. ಕೆಳಗೆ ಹಾಸಿದ್ದು ಶಹಾಬಾದಿನ ಫರಸಿ. ಮೇ ತಿಂಗಳ ಮಧ್ಯಾಹ್ನ ಅದರ ಮೇಲೆ ಬರಿಮೈಯಲ್ಲಿ ಮಲಗಿದರೆ ಸಿಗುವ ಸುಖವನ್ನು ಯಾವ ಎಸಿಯೂ ಕೊಡಲಾರದು. ಅದೇ ಫರಸಿ ಡಿಸೆಂಬರಿನಲ್ಲಿ, ಉಷ್ಣಾಂಶ ಹತ್ತು ಹನ್ನೆರಡು ಡಿಗ್ರಿಗೆ ಇಳಿದ ಮುಂಜಾನೆ, ಅಂಗಾಲಿಗೆ ಚೇಳು ಕುಟುಕಿದ ಹಾಗೆ ಕುಟುಕುತ್ತದೆ. ಆಗ ನಾವು ಏನು ಮಾಡುತ್ತೇವೆ? ಗೋಣಿತಟ್ಟು ಹಾಸುತ್ತೇವೆ. ಕೌದಿ ಹೊದ್ದು ಅಂಗಳಕ್ಕೆ ಬಂದು ತೊಗರಿ ಕಟಗಿ ಹೊತ್ತಿಸಿ ಮೈ ಕಾಸಿಕೊಳ್ಳುತ್ತೇವೆ. ಎಳ್ಳಮಾಸಿ ದಾಟಿದರೆ ಸಾಕು, ಥಂಡಿ ತಾನೇ ಹೋಗುತ್ತದೆ ಎಂದು ಸಮಾಧಾನ ಹೇಳಿಕೊಳ್ಳುತ್ತೇವೆ. ಎರಡು ತಿಂಗಳ ನೆಂಟನಿಗೆ ಯಾರು ಹೊಸ ಹಾಸಿಗೆ ಹೊಲಿಸುತ್ತಾರೆ?

ಒಂದು ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಮಗಳು ರಾತ್ರಿ ಗಾಡಿಗೆ ಹೊರಟು ವಾಡಿಯಲ್ಲಿ ಇಳಿಯುವವಳಿದ್ದಳು. ಮೊಮ್ಮಗಳನ್ನು ಕರೆತರಲು ನಾನೂ ಬರುತ್ತೇನೆ ಎಂದು ಅವ್ವ ನಾಲ್ಕೂವರೆಗೇ ಎದ್ದು ಕುಳಿತಿದ್ದಳು. ಕೌದಿಯೊಂದಿಗೆ ಹಿಂದಿನ ಸೀಟಿನಲ್ಲಿ ಗಂಟಾಗಿ ಕೂತಳು. ನಾನು ಬಹಳ ಠೀವಿಯಿಂದ ತಿರುಗುಣಿಯನ್ನು ಕೆಂಪಿನ ತುದಿಗೆ ಒಯ್ದು, ಬ್ಲೋಯರನ್ನು ನಾಲ್ಕಕ್ಕೆ ಇಟ್ಟು, ‘ಈಗ ನೋಡವ್ವ’ ಎಂದೆ.

ಒಂದೆರಡು ಕಿಲೋಮೀಟರು ಹೋಗಿರಬೇಕು. ಹಿಂದಿನಿಂದ ದನಿ ಬಂತು. ‘ಯಪ್ಪಾ, ಆ ಪಂಕಾ ಬಂದ್ ಮಾಡೋ.’

‘ಅದು ಪಂಕಾ ಅಲ್ಲವ್ವ, ಹೀಟರ್.’

‘ಹೀಟರ್ ಅಂದ್ರ ಥಂಡಿ ಗಾಳಿ ಯಾಕ ಬರ್ಲತ್ತದ?’

ಪ್ರಶ್ನೆ ಸರಿಯಾಗಿತ್ತು. ಉತ್ತರ ನನ್ನಲ್ಲಿರಲಿಲ್ಲ. ‘ಕಾಯ್ಬೇಕವ್ವ, ಇನ್ನ ಕಾದಿಲ್ಲ’ ಎಂದೆ. ಚಿತ್ತಾಪುರ ಬಂತು, ಕಾಯಲಿಲ್ಲ. ಅಷ್ಟರಲ್ಲಿ ನಮ್ಮ ಉಸಿರಿಗೇ ಮುಂದಿನ ಗಾಜು ಮಂಜುಗಟ್ಟಿತು. ಟವೆಲಿನಿಂದ ಒರೆಸಿದಷ್ಟೂ ಮತ್ತೆ ಕಟ್ಟಿತು. ಗಾಜು ತಿಳಿಯಾಗಬೇಕಾದರೆ ಎಸಿ ಒತ್ತಬೇಕು, ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ ಎಂದು ಯಾರೋ ಹೇಳಿದ್ದು ನೆನಪಾಗಿ ಒತ್ತಿದೆ. ಗಾಜೇನೋ ತಿಳಿಯಾಯಿತು. ಆದರೆ ಈ ಥಂಡಿಯಲ್ಲಿ ಎಸಿ ಹಚ್ಚಿದ ಮಗನ ತಲೆ ನೆಟ್ಟಗಿದೆಯೇ ಎಂಬ ಅನುಮಾನ ಅವ್ವನಿಗೆ ಅವತ್ತು ಹುಟ್ಟಿದ್ದು ಇವತ್ತಿಗೂ ಪೂರ್ತಿ ಹೋಗಿಲ್ಲ.

ವಾಡಿ ಹತ್ತಿರವಾದಂತೆ ಕತ್ತಲಲ್ಲಿ ಸಿಮೆಂಟ್ ಕಾರ್ಖಾನೆಯ ದೀಪಗಳು ಕಂಡವು. ಸುಣ್ಣದ ಕಲ್ಲು ಸಿಮೆಂಟಿನ ಕ್ಲಿಂಕರ್ ಆಗಬೇಕಾದರೆ ಉರುಳುವ ಆ ಉದ್ದನೆಯ ಕೊಳವೆಗೂಡಿನೊಳಗೆ ಅದು ಸುಮಾರು 1450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬೇಕು. ವಾಡಿ, ಸೇಡಂ, ಮಳಖೇಡ, ಎತ್ತ ಹೋದರೂ ನಮ್ಮ ಸುತ್ತ ಹಗಲಿರುಳೂ ಆರದ ಒಲೆಗಳೇ. ಅಂಥ ಒಲೆಯೊಂದರ ಗೋಡೆಯ ಪಕ್ಕದಲ್ಲೇ ನಾನು ಬೆರಳು ಮರಗಟ್ಟಿ ಸ್ಟೇರಿಂಗ್ ಹಿಡಿಯಲಾರದೆ ಒದ್ದಾಡುತ್ತಿದ್ದೆ.

ರೈಲು ತಡ. ಸ್ಟೇಶನ್ನಿನಲ್ಲಿ ಚಹಾ ಕುಡಿಯುತ್ತ ನಿಂತೆವು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಅಂದಿನಿಂದ ಈ ಜಂಕ್ಷನ್ನಿನಲ್ಲಿ ಚಳಿಗೆ ನಡುಗುತ್ತ ಗಾಡಿ ಕಾದವರ ಸಾಲಿನಲ್ಲಿ ನಾವು ಕೊನೆಯವರು. ರೈಲ್ವೆಯಲ್ಲಿದ್ದ ನಮ್ಮ ಸೋದರಮಾವ ಹೇಳುತ್ತಿದ್ದ, ತಣ್ಣಗಾದ ಉಗಿ ಎಂಜಿನ್ನಿಗೆ ಮುಂಜಾನೆ ಹೊರಡುವುದಿದ್ದರೆ ಹಿಂದಿನ ರಾತ್ರಿಯೇ ಬೆಂಕಿ ಹಾಕಬೇಕಿತ್ತಂತೆ, ಬಾಯ್ಲರಿನ ನೀರು ಕಾದು ಉಗಿ ಏಳಲು ತಾಸುಗಟ್ಟಲೆ ಬೇಕಂತೆ. ನಮ್ಮ ಮಾತಿನಲ್ಲಿ ಕಾಯುವುದು ಎಂದರೆ ಬಿಸಿಯಾಗುವುದೂ ಹೌದು, ದಾರಿ ನೋಡುವುದೂ ಹೌದು, ಹೊಲಕ್ಕೆ ಕಾವಲು ಕೂರುವುದೂ ಹೌದು. ಆ ಮುಂಜಾನೆ ನಾವು ಕಾದದ್ದೆಲ್ಲ ಎರಡನೆಯ ಅರ್ಥದಲ್ಲಿ ಮಾತ್ರ. ಮಗಳು ಬಂದು ಗಾಡಿಯಲ್ಲಿ ಕೂತು, ‘ಅಪ್ಪಾ, ಒಳಗಿಗಿಂತ ಹೊರಗೇ ಬೆಚ್ಚಗದ’ ಎಂದಳು.

ಊರಿಗೆ ಬಂದವನೇ ಅಣ್ಣನ ಮಗಳಿಗೆ ಫೋನ್ ಹಚ್ಚಿದೆ. ಅವಳಿರುವುದು ಕೆನಡಾದ ವಿನಿಪೆಗ್‌ನಲ್ಲಿ. ಅಲ್ಲಿ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ ಹೋಗುವ ದಿನಗಳಿವೆ. ರಾತ್ರಿ ಕಾರು ನಿಲ್ಲಿಸಿದಲ್ಲಿ ಕರೆಂಟಿನ ವೈರು ಚುಚ್ಚಿ ಎಂಜಿನ್ನನ್ನು ಬೆಚ್ಚಗೆ ಇಡುತ್ತಾರೆ. ನನ್ನ ಹನ್ನೆರಡು ಡಿಗ್ರಿಯ ಗೋಳು ಕೇಳಿ ಅವಳು ನಗಲಿಲ್ಲ, ಅದು ಅವಳ ಸಂಸ್ಕಾರ. ‘ಕಾಕಾ, ಹೀಟರ್ ಅಂದ್ರ ಬ್ಯಾರೇ ಏನೂ ಅಲ್ಲ, ಎಂಜಿನ್ ಕಾದ ನೀರು’ ಎಂದು ಶುರು ಮಾಡಿದಳು. ನಾನು ಡ್ಯಾಶ್‌ಬೋರ್ಡಿನ ಹಿಂದೆ ಮನೆಯ ಹೀಟರಿನಂಥ ಕೆಂಪಗಾಗುವ ತಂತಿ ಇದೆ ಎಂದೇ ನಂಬಿದ್ದೆ. ಎಂಜಿನ್ನಿನ ಸುತ್ತ ಹರಿದು ಬಿಸಿಯಾದ ನೀರಿನ ಒಂದು ಪಾಲು ಡ್ಯಾಶ್‌ಬೋರ್ಡಿನ ಹಿಂದಿನ ಪುಟ್ಟ ರೇಡಿಯೇಟರಿಗೆ ಬರುತ್ತದೆ. ಬ್ಲೋಯರು ಅದರ ಮೇಲಿನಿಂದ ಗಾಳಿ ಊದುತ್ತದೆ, ಅಷ್ಟೆ. ಎಂಜಿನ್ನು ಕಾಯದೆ ಹೀಟರು ಕಾಯುವುದಿಲ್ಲ. ಮೊದಲೇ ಬ್ಲೋಯರನ್ನು ಪೂರ್ತಿ ಹಚ್ಚಿದರೆ ಎಂಜಿನ್ನಿನಿಂದ ಬಂದ ಚೂರುಪಾರು ಬಿಸಿಯನ್ನೂ ಅದೇ ಊದಿ ಕಳೆಯುತ್ತದೆ. ಡೀಸೆಲ್ ಎಂಜಿನ್ನಂತೂ ನಿಂತಲ್ಲೇ ಗುರುಗುಟ್ಟಿದರೆ ಬಿಸಿಯಾಗುವುದೇ ಕಷ್ಟ. ‘ನಿಂತು ಕಾಯಿಸ್ಬ್ಯಾಡ, ಮೆಲ್ಲಕ ಓಡಿಸ್ಕೋತ ಕಾಯಿಸು. ಟೆಂಪರೇಚರ್ ಮುಳ್ಳು ಮ್ಯಾಲ ಎದ್ದ ಮ್ಯಾಗ ಬ್ಲೋಯರ್ ಹಚ್ಚು. ಮತ್ತ ತಗಡಿನ ಶೆಡ್ಡಿನ್ಯಾಗ ಬಾಗಿಲ ಹಾಕಿ ಗಾಡಿ ಚಾಲೂ ಇಡಬ್ಯಾಡ’ ಎಂದಳು. ಕೊನೆಯದು ಸುಮ್ಮನೆ ಹೇಳಿದ ಮಾತಲ್ಲ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮುಚ್ಚಿದ ಜಾಗದಲ್ಲಿ ಅದು ನಿದ್ದೆ ಬರಿಸಿದ ಹಾಗೆ ಕೊಂದುಬಿಡುತ್ತದೆ.

ಅವಳು ಹೇಳಿದ್ದನ್ನೆಲ್ಲ ಮಾಡಿದೆ. ಮುಳ್ಳು ಮೇಲೇಳಲೇ ಇಲ್ಲ. ಚಿತ್ತಾಪುರದವರೆಗೂ ಅದು ತಳದಲ್ಲೇ ಹೊದ್ದು ಮಲಗಿತ್ತು.

ಕೊನೆಗೆ ಶಹಾಬಾದಿನ ಒಬ್ಬ ಹಿರಿಯ ಮಿಸ್ತ್ರಿಯ ಬಳಿ ಒಯ್ದೆ. ಅವರು ಬಾನೆಟ್ ಎತ್ತಿ, ಎಂಜಿನ್ ಚಾಲೂ ಮಾಡಿಸಿ, ರೇಡಿಯೇಟರಿಗೆ ಹೋಗುವ ಮೇಲಿನ ಪೈಪನ್ನು ಮಗುವಿನ ಹಣೆ ಮುಟ್ಟಿ ಜ್ವರ ನೋಡುವಂತೆ ಹಿಡಿದು ನಿಂತರು. ‘ಚಾಲೂ ಮಾಡಿದ ಕೂಡ್ಲೇ ಇದು ಉಗುರುಬೆಚ್ಚ ಆಗ್ಲತ್ತದಲ್ರಿ, ಆಗಬಾರ್ದು. ವಾಲ್ವ್ ಎಲ್ಲಿ?’ ಎಂದರು.

ಆಗ ಮೇ ತಿಂಗಳು ನೆನಪಾಯಿತು. ಚಿಂಚೋಳಿಯ ಮದುವೆಗೆ ಹೊರಟಿದ್ದೆವು. ಸೇಡಂ ದಾಟಿದ ಮೇಲೆ ಮುಳ್ಳು ಕೆಂಪಿಗೆ ಏರಿ, ಬಾನೆಟ್ಟಿನಿಂದ ಹಬೆ ಎದ್ದಿತ್ತು. ದಾರಿಬದಿಯ ತರುಣ ಮಿಸ್ತ್ರಿಯೊಬ್ಬ ಬೇವಿನ ನೆರಳಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ತಣ್ಣಗಾಗುವವರೆಗೆ ನಮ್ಮೊಂದಿಗೆ ಹರಟೆ ಹೊಡೆದು, ಒಳಗಿಂದ ಅಂಗೈಯಲ್ಲಿ ಹಿಡಿಸುವ ಒಂದು ಹಿತ್ತಾಳೆಯ ಸಾಮಾನು ಬಿಚ್ಚಿದ. ‘ಥರ್ಮೋಸ್ಟಾಟ್ ವಾಲ್ವ್ ಸರ್. ನೀರಿಗಿ ಅಡ್ಡ ಹಾಕ್ತದ. ನಮ್ಮ ಬಿಸಲಿಗಿ ಇದು ಬೇಕೇ ಇಲ್ಲ’ ಎಂದು ಹಳೇ ಪೇಪರಿನಲ್ಲಿ ಸುತ್ತಿ ಕೈಗಿತ್ತ. ಮುಳ್ಳು ಇಳಿಯಿತು, ಅಕ್ಷತೆಗೆ ಸರಿಯಾಗಿ ತಲುಪಿದೆವು, ಆ ಹುಡುಗನನ್ನು ಹರಸಿದ್ದೇ ಹರಸಿದ್ದು. ನಮ್ಮ ಕಡೆಯ ಎಷ್ಟೋ ಗಾಡಿಗಳು ಹೀಗೆಯೇ ವಾಲ್ವಿಲ್ಲದೆ ಓಡುತ್ತವೆ. ಬಿಸಿಯನ್ನು ಹಿಡಿದಿಡುವುದಕ್ಕೂ ಒಂದು ಸಾಮಾನು ಬೇಕು ಎಂದರೆ ಇಲ್ಲಿ ಯಾರು ನಂಬುತ್ತಾರೆ?

ಆ ವಾಲ್ವಿನ ಕೆಲಸ ಅದೇ. ಅದರ ಹೊಟ್ಟೆಯಲ್ಲಿ ಮೇಣದ ಒಂದು ಗುಳಿಗೆ ಇದೆ. ಎಂಜಿನ್ನಿನ ನೀರು ಎಂಬತ್ತು ಚಿಲ್ಲರೆ ಡಿಗ್ರಿಗೆ ಬರುವ ತನಕ ವಾಲ್ವು ಬಾಯಿ ಮುಚ್ಚಿಕೊಂಡು, ನೀರನ್ನು ರೇಡಿಯೇಟರಿಗೆ ಬಿಡದೆ ಎಂಜಿನ್ನಿನ ಸುತ್ತಲೇ ಸುತ್ತಿಸುತ್ತದೆ. ಮೇಣ ಕರಗಿ ಉಬ್ಬಿದಾಗ ಬಾಯಿ ಬಿಡುತ್ತದೆ. ಅದಿಲ್ಲದ ನನ್ನ ಗಾಡಿಯಲ್ಲಿ ಕೀಲಿ ತಿರುಗಿಸಿದ ಗಳಿಗೆಯಿಂದಲೇ ನೀರೆಲ್ಲ ರೇಡಿಯೇಟರಿಗೆ ಹೋಗಿ ಮುಂಜಾನೆಯ ಗಾಳಿಗೆ ಮೈಯೊಡ್ಡಿ ತಣ್ಣಗಾಗಿ ಬರುತ್ತಿತ್ತು. ಒಲೆಯ ಮೇಲೆ ಹಂಡೆ ಇಟ್ಟು, ಇನ್ನೊಂದು ಕಡೆಯಿಂದ ತಣ್ಣೀರು ಸುರಿಯುತ್ತ ಕೂತರೆ ಎಂದು ಕಾದೀತು? ಬರೀ ನನ್ನ ಕಾಲು ತಣ್ಣಗಾದ ಪ್ರಶ್ನೆಯಾಗಿದ್ದರೆ ಬಿಡಬಹುದಿತ್ತು. ಎಂಜಿನ್ ಸರಿಯಾಗಿ ಕಾಯದೆ ಓಡಿದರೆ ಡೀಸೆಲ್ಲೂ ಹೆಚ್ಚು ಕುಡಿಯುತ್ತದೆ, ಸವೆತವೂ ಹೆಚ್ಚು. ಏಳು ತಿಂಗಳು ಅದನ್ನು ಹಾಗೆ ಓಡಿಸಿದ್ದೆ.

ಆ ಪೇಪರಿನ ಪೊಟ್ಟಣ ಎಲ್ಲಿ ಹೋಯಿತೋ ನನಗೆ ನೆನಪಿರಲಿಲ್ಲ. ಅವ್ವನಿಗೆ ನೆನಪಿತ್ತು. ಹಿತ್ತಾಳೆ ಕಂಡರೆ ಬಿಸಾಡುವ ಹೆಂಗಸಲ್ಲ ಅವಳು. ಗೋಡೆಯ ಗೂಡಿನಲ್ಲಿ, ಹಳೆಯ ಬೀಗ ಮತ್ತು ಮೊಳೆಗಳ ಜೊತೆ ಜೋಪಾನವಾಗಿ ಇಟ್ಟಿದ್ದಳು. ಮರುದಿನ ಒಯ್ದು ಕೊಟ್ಟೆ. ಮಿಸ್ತ್ರಿ ಅದನ್ನು ತಿರುಗಿಸಿ ನೋಡಿ, ಪಕ್ಕದ ಚಹಾದ ಅಂಗಡಿಗೆ ನಡೆದರು. ಅಂಗಡಿಯವ ಚಹಾದ ಪಾತ್ರೆ ಕೊಡಲು ಒಪ್ಪಲಿಲ್ಲ, ಅದು ನ್ಯಾಯವೇ. ಗ್ಯಾರೇಜಿನದೇ ಒಂದು ತಗಡಿನ ಡಬ್ಬಿಯಲ್ಲಿ ನೀರಿಟ್ಟು, ಸುತಳಿಗೆ ವಾಲ್ವು ಕಟ್ಟಿ ಅದರೊಳಗೆ ಇಳಿಬಿಟ್ಟರು. ಚಹಾದ ಅಂಗಡಿಯವನೂ ಸೇರಿ ನಾವು ಮೂವರೂ ಡಬ್ಬಿಗೆ ಬಗ್ಗಿ ನಿಂತೆವು. ತಳದಲ್ಲಿ ಗುಳ್ಳೆ ಎದ್ದವು, ಹಬೆಯಾಡಿತು, ನೀರಿನ್ನೂ ಕುದಿಯುವ ಮೊದಲೇ ವಾಲ್ವು ಮೆಲ್ಲಗೆ, ತತ್ರಾಣಿಯ ಬಿರಡೆ ಸಡಿಲಾದ ಹಾಗೆ, ಬಾಯಿ ತೆರೆಯಿತು. ಹೊರಗೆ ತೆಗೆದು ಗಾಳಿಗೆ ಹಿಡಿದರು. ಮುಚ್ಚಿಕೊಂಡಿತು. ಮತ್ತೆ ಇಳಿಸಿದರು. ತೆರೆಯಿತು.

‘ಇದರದು ಏನೂ ತಪ್ಪಿಲ್ರಿ’ ಎಂದರು ಮಿಸ್ತ್ರಿ. ‘ಸುಮ್‌ಸುಮ್ಮನ ಹೊರಗ ಹಾಕ್ಯಾರ.’

ಹಾಗಾದರೆ ಮೇ ತಿಂಗಳಲ್ಲಿ ಎಂಜಿನ್ ಕುದಿದದ್ದು ಯಾಕೆ? ಅವರು ರೇಡಿಯೇಟರಿನ ಕೆಳಗಿನ ಪೈಪು ಬಿಚ್ಚಿದರು. ಕೆಂಪು ನೀರು ಬಂತು, ಅದರ ಜೊತೆ ಬಿಳಿಯ ಚಕ್ಕೆಗಳು. ಡ್ಯಾಶ್‌ಬೋರ್ಡಿನ ಹಿಂದಿನ ಪುಟ್ಟ ರೇಡಿಯೇಟರಿಗೆ ಹಿಂದುಮುಂದಾಗಿ ನೀರು ಹಾಯಿಸಿದಾಗ ಇನ್ನಷ್ಟು ಚಕ್ಕೆ. ಸುಣ್ಣ! ನೀರು ಕಡಿಮೆಯಾದಾಗಲೆಲ್ಲ ನಾನು ಹೊಲದ ಬೋರಿನ ನೀರು ಕೊಡದಿಂದ ಸುರಿದವನು. ನಮ್ಮ ನೆಲದ ನೀರು ಸುಣ್ಣದ ಕಲ್ಲಿನ ಸಂದಿಯಲ್ಲೇ ಹರಿದು ಬರುವಂಥದ್ದು. ಕಾದಾಗ ಅದರಲ್ಲಿ ಕರಗಿದ್ದ ಸುಣ್ಣ ಹಂಡೆಯ ತಳಕ್ಕೆ ಕಟ್ಟುವ ಹಾಗೆ ಕೊಳವೆಗೂ ಕಟ್ಟುತ್ತದೆ. ಸಿಮೆಂಟಾಗುವ ಕಲ್ಲು, ನಮ್ಮ ಮನೆಯ ಫರಸಿ, ನನ್ನ ಹೀಟರಿನ ಗಂಟಲಲ್ಲಿ ಸಿಕ್ಕಿಕೊಂಡದ್ದು, ಮೂರೂ ಒಂದೇ ಮನೆತನದವು. ದಾರಿಬದಿಯ ಹುಡುಗನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವನು ಕಾವಲುಗಾರನನ್ನು ಓಡಿಸಿದ, ನಿಜ. ಕಳ್ಳನನ್ನು ಕೊಡಗಟ್ಟಲೆ ಒಳಗೆ ಬಿಟ್ಟವನು ನಾನು.

ವಾಲ್ವು ಅದರ ಜಾಗಕ್ಕೆ ಹೋಯಿತು. ಬೋರಿನ ನೀರಿನ ಬದಲು ಶುದ್ಧ ನೀರು ಬೆರೆಸಿದ ಹಸಿರು ಕೂಲಂಟ್ ಹಾಕಿದರು. ಎಳ್ಳಮಾಸಿಯ ದಿನ ಅವ್ವನನ್ನು ಕೂರಿಸಿಕೊಂಡು ಅಕ್ಕನ ಹೊಲಕ್ಕೆ ಚರಗ ಚೆಲ್ಲಲು ಹೊರಟಾಗ ಹತ್ತು ನಿಮಿಷದೊಳಗೆ ಕಾಲಿಗೆ ಬೆಚ್ಚನೆಯ ಗಾಳಿ ತಾಗಿತು. ಅವ್ವ ಕೌದಿ ಸರಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಈಗ ಉರಿ ಆಗ್ಲತ್ತದ, ಬಂದ್ ಮಾಡು’ ಎಂದಳು.

ಮುಂದಿನ ಮೇ ತಿಂಗಳಲ್ಲಿ ನಿಮ್ಮ ಗಾಡಿಯೂ ಕುದಿಯಬಹುದು. ಯಾರಾದರೂ ಬಾನೆಟ್ಟಿನೊಳಗಿಂದ ಸಣ್ಣದೊಂದು ಹಿತ್ತಾಳೆ ಸಾಮಾನು ತೆಗೆದು ‘ಇದು ಬ್ಯಾಡ್ರಿ’ ಎಂದರೆ, ಹೂಂ ಅನ್ನುವ ಮೊದಲು ರೇಡಿಯೇಟರಿನಲ್ಲಿ ಸುಣ್ಣ ಕಟ್ಟಿದೆಯೇ ಎಂದು ಒಮ್ಮೆ ತೆಗೆಸಿ ನೋಡಿ.