ದುರ್ಗದ ಸೀಮೆಯ ಹಕ್ಕಿ ಬಂದರುಗಳು

ಕರಾವಳಿಯ ಊರುಗಳಲ್ಲಿ ಚಳಿಗಾಲದ ಹಕ್ಕಿಗಳನ್ನು ನೋಡಬೇಕೆನ್ನುವವರು ಬಂದರಿನ ದಾರಿ ಹಿಡಿಯುತ್ತಾರೆ. ಮಲ್ಪೆ, ಮಂಗಳೂರು, ಕಾರವಾರಗಳ ದಕ್ಕೆಗಳಲ್ಲಿ ದೋಣಿಗಳು ಮೀನು ಇಳಿಸುವ ಹೊತ್ತಿಗೆ ಕಡಲಕ್ಕಿಗಳೂ ರೀವಗಳೂ ಹಿಂಡುಗಟ್ಟಿ ಸುತ್ತುವುದು ಅಲ್ಲಿನ ನಿತ್ಯದ ನೋಟ. ಚಿತ್ರದುರ್ಗ ಜಿಲ್ಲೆಗೆ ಕಡಲಿಲ್ಲ, ವರ್ಷವಿಡೀ ತುಂಬಿ ಹರಿಯುವ ಹೊಳೆಯೂ ಇಲ್ಲ. ಮಳೆ ಕಡಿಮೆ, ಬರ ಪರಿಚಿತ. ಹಾಗಿದ್ದೂ ಮಧ್ಯ ಏಷ್ಯಾ ಮತ್ತು ಸೈಬೀರಿಯದಿಂದ ಹೊರಟ ಬಾತುಗಳು, ಗೊರವಗಳು ಪ್ರತಿ ವರ್ಷ ಅಕ್ಟೋಬರ್‌–ನವೆಂಬರ್‌ ವೇಳೆಗೆ ಈ ಒಣಸೀಮೆಯಲ್ಲಿ ಇಳಿದು, ಮಾರ್ಚ್‌–ಏಪ್ರಿಲ್‌ವರೆಗೆ ತಂಗುತ್ತವೆ. ಅವು ಇಳಿಯುವ ತಾಣಗಳೆಲ್ಲ ಹೆಚ್ಚುಕಡಿಮೆ ಮನುಷ್ಯರು ಕಟ್ಟಿದ ಕೆರೆಗಳು ಮತ್ತು ಜಲಾಶಯಗಳೇ ಆಗಿರುವುದರಿಂದ, ಬಯಲುಸೀಮೆಯ ಹಕ್ಕಿ ಬಂದರುಗಳೆಂದರೆ ಕೆರೆಗಳೇ ಎಂದು ಹೇಳಬಹುದು. ಜನವರಿಯ ಎರಡು ದಿನ ಚಿತ್ರದುರ್ಗದಿಂದ ಹೊರಟು, ಭೀಮಸಮುದ್ರ, ಹೊಳಲ್ಕೆರೆ, ಹೊಸದುರ್ಗಗಳನ್ನು ಹಾದು ಹಿರಿಯೂರಿನಲ್ಲಿ ಮುಗಿದ ಪಯಣವೊಂದರ ಕಥನ ಇದು.

ಪಯಣ ಮೊದಲಾದದ್ದು ಚಿತ್ರದುರ್ಗದ ಪಶ್ಚಿಮಕ್ಕೆ, ಬಂಡೆಬೆಟ್ಟಗಳ ನಡುವೆ ಇರುವ ಚಂದ್ರವಳ್ಳಿಯಲ್ಲಿ. ಇಲ್ಲಿನ ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ಅರಸ ಮಯೂರಶರ್ಮನ ಪ್ರಾಕೃತ ಶಾಸನವಿದ್ದು, ಅದು ಕೆರೆ ಕಟ್ಟಿಸಿದ ಸಂಗತಿಯನ್ನು ಹೇಳುತ್ತದೆ; ನಾಲ್ಕನೆಯ ಶತಮಾನದ್ದೆಂದು ವಿದ್ವಾಂಸರು ಎಣಿಸುವ ಆ ಬರಹ, ಈ ನೆಲದಲ್ಲಿ ಅರಸೊತ್ತಿಗೆಯ ಮೊದಲ ಮಾತುಗಳಲ್ಲಿ ಒಂದು ನೀರಿನ ಕುರಿತಾಗಿತ್ತು ಎಂಬುದಕ್ಕೆ ಸಾಕ್ಷಿ. ಬಿಸಿಲು ಬಂಡೆಗಳ ನೆತ್ತಿಗೆ ತಾಗುವ ಹೊತ್ತಿಗೆ ಕೆರೆಯ ಮೇಲಿನ ಕಲ್ಲೊಂದರ ತುದಿಯಲ್ಲಿ ಮಂಕು ನೀಲಿ ಬಣ್ಣದ, ಮೈನಾಕ್ಕಿಂತ ತುಸು ಚಿಕ್ಕದಾದ ಒಂಟಿ ಹಕ್ಕಿ ಕುಳಿತಿತ್ತು. ನೀಲಿ ಬಂಡೆಸಿಳ್ಳಾರ ಎಂದು ಕರೆಯುವ ಈ ಹಕ್ಕಿ ಹಿಮಾಲಯದಲ್ಲಿಯೂ ಅದರಾಚೆಯ ಬೆಟ್ಟಗಳಲ್ಲಿಯೂ ಮರಿ ಮಾಡಿ, ಚಳಿಗಾಲ ಕಳೆಯಲು ದಕ್ಷಿಣದ ಬಂಡೆಗಳನ್ನು ಹುಡುಕಿಕೊಂಡು ಬರುತ್ತದೆ. ಬಂದ ಮೇಲೆ ತನ್ನದೆಂದು ಒಂದು ಜಾಗ ಗೊತ್ತುಮಾಡಿಕೊಂಡು, ಆಗಾಗ ನೆಲಕ್ಕಿಳಿದು ಹುಳು ಹಿಡಿದು, ಮತ್ತೆ ಅದೇ ಕಲ್ಲಿಗೆ ಮರಳುತ್ತದೆ. ಚಿತ್ರದುರ್ಗದ ಏಳು ಸುತ್ತಿನ ಕೋಟೆಗೆ ಆಸರೆಯಾದ ಬಂಡೆಗಳು ಹೀಗೆ ಪರದೇಶದ ಹಕ್ಕಿಗೂ ಆಸರೆಯಾಗಿವೆ. ಅದೇ ಕೆರೆಯ ಅಂಚಿನ ಕಲ್ಲುಗಳ ಮೇಲೆ, ಕಾಲೂರಿದಲ್ಲೆಲ್ಲ ಹಿಂಭಾಗವನ್ನು ಮೇಲಕ್ಕೂ ಕೆಳಕ್ಕೂ ಕುಣಿಸುತ್ತ ಸಣ್ಣ ಗೊರವವೊಂದು ಓಡಾಡುತ್ತಿತ್ತು.

ಚಿತ್ರದುರ್ಗದಿಂದ ಹೊಳಲ್ಕೆರೆಯ ಕಡೆಗೆ ಸಾಗಿದಂತೆ ಕಲ್ಲುಗುಡ್ಡಗಳು ಹಿಂದೆ ಸರಿದು, ಅಡಿಕೆ ಮತ್ತು ತೆಂಗಿನ ತೋಟಗಳು ಕಾಣತೊಡಗುತ್ತವೆ. ಅಡಿಕೆಯ ವಹಿವಾಟಿಗೆ ಹೆಸರಾದ ಭೀಮಸಮುದ್ರದ ಕೆರೆ ಈ ಭಾಗದ ದೊಡ್ಡ ಕೆರೆಗಳಲ್ಲಿ ಒಂದು. ಏರಿಯ ಮೇಲೆ ನಿಂತು ನೋಡಿದರೆ ನೀರೆಲ್ಲ ಒಂದೇ ಎಂಬಂತೆ ಕಂಡರೂ, ಹಕ್ಕಿಗಳ ಪಾಲಿಗೆ ಕೆರೆ ಹಲವು ಕೇರಿಗಳಿರುವ ಊರು. ತೂಬಿನ ಬಳಿಯ ಆಳದ ನೀರಿನಲ್ಲಿ ನೀರುಕಾಗೆಗಳೂ ಗುಳುಮುಳುಕಗಳೂ ಮುಳುಗಿ ಮೀನು ಹಿಡಿಯುತ್ತವೆ. ಸೊಂಟಮಟ್ಟದ ನೀರಿನಲ್ಲಿ, ಹಣೆಯ ಬಿಳಿ ಪಟ್ಟಿಯಿಂದಾಗಿ ನಾಮದ ಕೋಳಿ ಎನಿಸಿಕೊಂಡ ಕಪ್ಪು ಹಕ್ಕಿಗಳು ಗುಂಪುಗೂಡುತ್ತವೆ. ಮೊಣಕಾಲುಮಟ್ಟದ ನೀರು ಬಣ್ಣದ ಕೊಕ್ಕರೆ ಮತ್ತು ಚಮಚದಂಥ ಕೊಕ್ಕಿನ ಬಿಳಿ ಕೊಕ್ಕರೆಗಳದ್ದು. ನೀರು ಇಳಿದು ಕೆಸರು ಮಾತ್ರ ಉಳಿದ ಕೆರೆಯಂಗಳದ ಅಂಚು ಗೊರವಗಳದ್ದು, ಸಿಪಿಲೆಗಳದ್ದು. ಕಾಲಿನ ಉದ್ದ ಮತ್ತು ಕೊಕ್ಕಿನ ಆಕಾರ ನೋಡಿದರೆ ಯಾವ ಹಕ್ಕಿ ಎಷ್ಟು ನೀರಿನಲ್ಲಿ ನಿಲ್ಲುತ್ತದೆ ಎಂದು ಊಹಿಸಬಹುದು.

ವಲಸೆ ಬಾತುಗಳಲ್ಲಿ ಹೆಚ್ಚಿನವು ಮುಳುಗುವ ಜಾತಿಯವಲ್ಲ. ಬಾಲ ಮೇಲೆತ್ತಿ, ತಲೆಯನ್ನು ಮಾತ್ರ ನೀರಿಗೆ ಅದ್ದಿ ಮೇಯುವಂಥವು. ಸೂಜಿಬಾಲದ ಬಾತು, ಬಿಳಿಹುಬ್ಬಿನ ಬಾತು, ಚಲುಕದ ಬಾತು ಈ ಬಗೆಯವು. ಭೀಮಸಮುದ್ರದ ತೆಳುನೀರಿನಲ್ಲಿ ಪಯಣಿಗರ ಕಣ್ಣಿಗೆ ಸಮೀಪದಲ್ಲೇ ಬಿದ್ದದ್ದು ಚಲುಕದ ಬಾತುಗಳ ಒಂದು ಚಿಕ್ಕ ಗುಂಪು. ತುದಿಯಲ್ಲಿ ಸೌಟಿನಂತೆ ಅಗಲವಾದ ಅವುಗಳ ಕೊಕ್ಕಿನ ಒಳಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ತೆಳು ಎಳೆಗಳ ಸಾಲಿದೆ. ಕೊಕ್ಕನ್ನು ನೀರಿನ ಮೇಲ್ಮೈಗೆ ಚಾಚಿ ಈಜುವಾಗ ನೀರು ಒಳಹೊಕ್ಕು ಎಳೆಗಳ ಸಂದಿನಿಂದ ಹೊರಹೋಗುತ್ತದೆ, ಬೀಜವೂ ಸಣ್ಣ ಹುಳುವೂ ಜರಡಿಯಲ್ಲಿ ನಿಂತಂತೆ ಒಳಗೇ ಉಳಿಯುತ್ತವೆ. ಆರೇಳು ಬಾತುಗಳು ಒಂದರ ಬಾಲಕ್ಕೆ ಮತ್ತೊಂದರ ಕೊಕ್ಕು ತಾಗುವಷ್ಟು ಹತ್ತಿರವಾಗಿ ಗಾಣದ ಎತ್ತಿನಂತೆ ಸುತ್ತುತ್ತಿದ್ದವು. ಮುಂದಿನದರ ಕಾಲು ಕಲಕಿ ಮೇಲೆಬ್ಬಿಸಿದ್ದು ಹಿಂದಿನದಕ್ಕೆ ಆಹಾರವಾಗುವುದರಿಂದ ಈ ಸುತ್ತಾಟದಿಂದ ಎಲ್ಲಕ್ಕೂ ಲಾಭ.

ಹೊಳಲ್ಕೆರೆಯ ಹೆಸರಿನಲ್ಲೇ ಕೆರೆಯಿದೆ. ಹೊಳಲು ಎಂದರೆ ಹಳಗನ್ನಡದಲ್ಲಿ ಪಟ್ಟಣ, ಆದ್ದರಿಂದ ಪಟ್ಟಣ ಮತ್ತು ಕೆರೆ ಒಂದೇ ಪದದಲ್ಲಿ ಕೂಡಿಕೊಂಡಿವೆ. ಊರಿನ ಬಯಲು ಗಣಪತಿಯ ದರ್ಶನ ಮುಗಿಸಿ ಹೊಸದುರ್ಗದ ರಸ್ತೆ ಹಿಡಿದರೆ, ದಾರಿಯ ಸಣ್ಣ ಕೆರೆಗಳಲ್ಲಿ ಎರಡು ಬಗೆಯ ಸ್ಥಿತಿ ಕಾಣುತ್ತದೆ. ಕೆಲವು ಕೆರೆಗಳ ಅಂಗಳವನ್ನು ಬಳ್ಳಾರಿ ಜಾಲಿ ಮುಚ್ಚಿದೆ. ಇನ್ನು ಕೆಲವನ್ನು ಹೂಳೆತ್ತುವ ಭರದಲ್ಲಿ ಯಂತ್ರಗಳು ಬಟ್ಟಲಿನಂತೆ ಕೊರೆದಿರುವುದರಿಂದ ನೀರು ನಿಲ್ಲುತ್ತದೆಯಾದರೂ, ದಂಡೆ ಕಡಿದಾಗಿ, ತೆಳುನೀರಿನ ಇಳಿಜಾರು ಇಲ್ಲವಾಗಿದೆ. ಹೂಳು ತೆಗೆಯುವುದು ಕೆರೆಗೆ ಬೇಕೇ ಬೇಕಾದ ಕೆಲಸ. ಆದರೆ ಏರಿಗೆ ಎದುರಾದ ದಂಡೆಯೊಂದನ್ನಾದರೂ ಓರೆಯಾಗಿ ಬಿಟ್ಟರೆ ರೈತನಿಗೂ ನೀರು ಸಿಗುತ್ತದೆ, ಗೊರವಕ್ಕೂ ಕೆಸರು ಉಳಿಯುತ್ತದೆ.

ಎರಡನೆಯ ದಿನದ ದಾರಿ ವೇದಾವತಿಯ ಹಿನ್ನೀರಿನತ್ತ. ಹೊಸದುರ್ಗ ತಾಲ್ಲೂಕಿನ ಕಡೆಯಿಂದ ಹರಿದು ಬರುವ ಈ ಹೊಳೆಗೆ ಎರಡು ಗುಡ್ಡಗಳ ನಡುವಿನ ಮಾರಿಕಣಿವೆಯಲ್ಲಿ ಮೈಸೂರು ಸಂಸ್ಥಾನ 1898ರಲ್ಲಿ ಕಟ್ಟಲು ತೊಡಗಿ 1907ರಲ್ಲಿ ಮುಗಿಸಿದ ಕಲ್ಲಿನ ಅಣೆಕಟ್ಟೇ ವಾಣಿವಿಲಾಸ ಸಾಗರ. ಮಗ ಚಿಕ್ಕವನಿದ್ದಾಗ ರಾಜಪ್ರತಿನಿಧಿಯಾಗಿ ಆಡಳಿತ ನಡೆಸಿದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನು ಅದು ಹೊತ್ತಿದೆ. ಸುಮಾರು 30 ಟಿಎಂಸಿ ನೀರು ಹಿಡಿಯುವ, 130 ಅಡಿಯ ಪೂರ್ಣ ಮಟ್ಟದ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಹರಿದದ್ದು 89 ವರ್ಷಗಳ ನಂತರ, 2022ರ ಸೆಪ್ಟೆಂಬರಿನಲ್ಲಿ. ಅದಾದ ಮೇಲೆ, ಭದ್ರಾ ಹೊಳೆಯ ನೀರೂ ಸೇರಿ, 2025ರ ಜನವರಿಯಲ್ಲಿ ಇನ್ನೊಮ್ಮೆ. ಒಂದಿಡೀ ತಲೆಮಾರು ಕಾಣದ ನೋಟವನ್ನು ಕಾಣಲು ಜನ ಊರೂರಿಂದ ಬಂದರು. ಅದೇ ಹೊತ್ತಿಗೆ ಹೊಸದುರ್ಗದ ಕಡೆಯ ಹಿನ್ನೀರು ಹೊಲತೋಟಗಳಿಗೆ ನುಗ್ಗಿ, ಅಲ್ಲಿನ ರೈತರು ಕಷ್ಟಕ್ಕೂ ಒಳಗಾದರು.

ತುಂಬಿದ ಜಲಾಶಯ ಹಕ್ಕಿಗಳಿಗೆಲ್ಲ ಒಂದೇ ರೀತಿ ಒದಗುವುದಿಲ್ಲ ಎಂಬುದನ್ನು ಹಿನ್ನೀರಿನ ಅಂಚಿನಲ್ಲಿ ನಿಂತಾಗ ತಿಳಿಯಬಹುದು. ನೀರು ಏರಿದ ವರ್ಷ ಕೆಸರಿನ ಬಯಲೆಲ್ಲ ಮುಳುಗುವುದರಿಂದ ಗೊರವಗಳು ಸುತ್ತಲಿನ ಸಣ್ಣ ಕೆರೆಗಳಿಗೆ ಹಂಚಿಹೋಗುತ್ತವೆ; ನೀರು ಇಳಿಯುತ್ತ ಬಂದ ವರ್ಷ ಹೊಸ ಕೆಸರು ದಿನದಿನವೂ ತೆರೆದುಕೊಂಡು ಅವುಗಳನ್ನು ಕರೆಯುತ್ತದೆ. ಆಳದ ನೀರನ್ನು ನೆಚ್ಚಿಕೊಂಡದ್ದು ಆಸ್ಪ್ರೇ ಎಂಬ ಮೀನು ಹಿಡಿಯುವ ಡೇಗೆ. ಮುಳುಗಿ ಒಣಗಿದ ಮರವೊಂದರಿಂದ ಎದ್ದ ಆ ಹಕ್ಕಿ ನೀರಿನ ಮೇಲೆ ರೆಕ್ಕೆ ಬಡಿಯುತ್ತ ಒಂದೆಡೆ ತೂಗಿ ನಿಂತು, ಕಾಲು ಮುಂದೆ ಚಾಚಿ ಬಿದ್ದು, ಮೀನಿನೊಂದಿಗೆ ಮೇಲೆದ್ದಿತು. ಅಂಗಾಲಿನ ಒರಟು ಮುಳ್ಳುಗಳೂ ಹಿಂದಕ್ಕೆ ತಿರುಗಿಸಬಲ್ಲ ಹೊರಬೆರಳೂ ಜಾರುವ ಮೀನನ್ನು ಬಿಗಿಹಿಡಿಯುತ್ತವೆ. ಗಾಳಿಯ ಒತ್ತಡ ತಗ್ಗಲೆಂದು ಅದು ಮೀನಿನ ತಲೆಯನ್ನು ಮುಂದಕ್ಕೆ ತಿರುಗಿಸಿ ಹಿಡಿದು ಹಾರುತ್ತದೆ. ಸ್ವಲ್ಪ ದೂರದಲ್ಲಿ ಹರಿಗೋಲಿನಲ್ಲಿ ಕುಳಿತು ಬಲೆ ಎಳೆಯುತ್ತಿದ್ದವರೂ ಕೈತಡೆದು ಅತ್ತ ನೋಡಿದರು.

ಇಂಥ ಹಕ್ಕಿಗಳನ್ನು ದಾಖಲಿಸುವ ಕೆಲಸ ಹಿಂದಿನಿಂದಲೂ ನಡೆದಿದೆ. ಹಳೆಯ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನು ಪಕ್ಷಿತಜ್ಞ ಸಲೀಂ ಅಲಿಯವರು ನಡೆಸಿದ್ದು 1939–40ರಲ್ಲಿ. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ದೇಶಗಳಲ್ಲಿ ಸ್ವಯಂಸೇವಕರು ಜಲಪಕ್ಷಿಗಳ ಗಣತಿ ಮಾಡುತ್ತಾರೆ. ಹಿಂಡು ದೊಡ್ಡದಿದ್ದರೆ ಹತ್ತೋ ನೂರೋ ಹಕ್ಕಿಗಳ ಒಂದು ಪಾಲನ್ನು ಎಣಿಸಿ, ಅಂಥ ಪಾಲುಗಳೆಷ್ಟೆಂದು ಅಳೆಯುವುದು ಇಲ್ಲಿ ರೂಢಿ. ಕರ್ನಾಟಕದಲ್ಲಿ ರಂಗನತಿಟ್ಟು 2022ರಲ್ಲಿ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಕರಾವಳಿಯ ಅಘನಾಶಿನಿ ಅಳಿವೆ 2024ರಲ್ಲಿ ರಾಮ್‌ಸರ್‌ ತಾಣಗಳಾದವು. ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳೆಂದು ಗುರುತಾದವು. ದುರ್ಗದ ಕೆರೆಗಳು ಆ ಪಟ್ಟಿಯಲ್ಲಿಲ್ಲ. ಆದರೆ ದಕ್ಷಿಣದ ರಂಗನತಿಟ್ಟಿಗೂ ಉತ್ತರದ ಅಂಕಸಮುದ್ರ, ಮಾಗಡಿಗಳಿಗೂ ನಡುವೆ ಹರಡಿರುವ ಇವು, ದೂರದ ದಾರಿಯಲ್ಲಿ ಅರವಟ್ಟಿಗೆಗಳು ಇದ್ದಂತೆ. ದೊಡ್ಡ ಛತ್ರವೊಂದೇ ಇದ್ದು ನಡುವಿನ ಅರವಟ್ಟಿಗೆಗಳು ಬತ್ತಿದರೆ ದಾರಿಹೋಕನ ಗತಿ ಏನಾಗುವುದೋ ಹಕ್ಕಿಯ ಗತಿಯೂ ಅದೇ.

ಅಣೆಕಟ್ಟಿನ ಕೆಳಗೆ ಕಣಿವೆ ಮಾರಮ್ಮನ ಗುಡಿಯನ್ನು ದಾಟಿ, ನಾಲೆಯ ಪಕ್ಕದ ತೆಂಗಿನ ಸಾಲುಗಳ ನೆರಳಿನಲ್ಲಿ ಸಾಗಿದ ಪಯಣ ಸಂಜೆಗೆ ಹಿರಿಯೂರು ಮುಟ್ಟಿತು. ಊರಿನ ಹೊರಗಿನ ಜೋಳದ ಹೊಲಗಳ ಮೇಲೆ ಗುಲಾಬಿ ಕಬ್ಬಕ್ಕಿಗಳ ಹಿಂಡು ಒಮ್ಮೆ ಹೊಗೆಯಂತೆ ಹರಡಿ, ಒಮ್ಮೆ ಹಗ್ಗದಂತೆ ಹೊಸೆದುಕೊಂಡು ತಂಗುವ ಮರದ ಕಡೆಗೆ ತಿರುಗಿತು. ತೆನೆಯ ಕಾಳಿಗೂ ಅದನ್ನು ಕೊರೆಯುವ ಹುಳುವಿಗೂ ಬಾಯಿ ಹಾಕುವ ಈ ಹಕ್ಕಿಯನ್ನು ರೈತ ಕವಣೆ ಬೀಸಿ ಓಡಿಸುವುದೂ ಉಂಟು, ಸುಮ್ಮನೆ ಬಿಡುವುದೂ ಉಂಟು. ಮಯೂರಶರ್ಮನ ಕಾಲದಿಂದ ಮೈಸೂರಿನ ಮಹಾರಾಣಿಯ ಕಾಲದವರೆಗೆ ಇಲ್ಲಿ ನೀರು ನಿಲ್ಲಿಸಿದವರು ಬೆಳೆಯನ್ನೂ ಬಾಯಾರಿಕೆಯನ್ನೂ ನೆನೆದು ಏರಿ ಹಾಕಿದರು. ಅವರು ಎಣಿಸದೇ ಇದ್ದ ಅತಿಥಿಗಳು ಹಿಮಾಲಯದಾಚೆಯಿಂದ ಬಂದು ಅದರಲ್ಲಿ ಪಾಲು ಪಡೆದರು. ಆ ಪಾಲು ದೊಡ್ಡದೇನಲ್ಲ. ಓರೆಯಾಗಿ ಬಿಟ್ಟ ಒಂದು ದಂಡೆ, ಜಾಲಿ ತೆಗೆದ ಒಂದು ಅಂಗಳ, ಚರಂಡಿಯ ನೀರು ಸೇರದ ಒಂದು ಕಾಲುವೆ. ಕೆರೆಯ ಊರಿನವರು ಮುಂದಿನ ಅಕ್ಟೋಬರಿನೊಳಗೆ ಮಾಡಿ ಮುಗಿಸಬಲ್ಲಷ್ಟು ಕೆಲಸ ಅದು.