ರಜೆಯ ಜಗಲಿ

ಎಣ್ಮಕಜೆಯ ಗೇರುತೋಟಗಳ ಮೇಲೆ ಹೆಲಿಕಾಪ್ಟರು ಎಂಡೋಸಲ್ಫಾನ್ ಸುರಿದದ್ದು 2000ದವರೆಗೆ. ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು ಆದೇಶಿಸಿದ್ದು 2017ರಲ್ಲಿ. ಆ ಲೆಕ್ಕದಲ್ಲಿ ಬೇಸಿಗೆ ರಜೆ ಸೇರಿಲ್ಲ.

ರಜೆ ಬಂತೆಂದರೆ ಪಂಚಾಯತಿನ ಬಡ್ಸ್ ಶಾಲೆಯ ವಾಹನ ಬರುವುದಿಲ್ಲ. ಮಾತು ಬಾರದ ಮಗ ಮಾತ್ರ ಒಂಬತ್ತಾಗುತ್ತಲೇ ಜಗಲಿಯ ಕಂಬಕ್ಕೊರಗಿ ರಸ್ತೆಯತ್ತ ಕಿವಿಗೊಡುತ್ತಾನೆ. ರಜೆಯೆಂದರೇನೆಂದು ತಾಯಿ ತಿಳಿಸುವುದಾದರೂ ಹೇಗೆ? ಅವನ ಸ್ನಾನ, ತುತ್ತು, ಗುಳಿಗೆಗಳ ನಡುವೆ ಅವಳು ಕಟ್ಟುವ ಬೀಡಿ ಅರ್ಧಕ್ಕಿಳಿಯುತ್ತದೆ. ಮಾರ್ಚಿನಲ್ಲಿ ಚಮಚ ಹಿಡಿಯಲು ಕಲಿತ ಕೈ ಮೇ ತಿಂಗಳಲ್ಲಿ ಅದನ್ನು ಮರೆಯುತ್ತದೆ. ನಿಜವಾದ ನಷ್ಟ ಅದು. ಮರೆಯದೆ ಉಳಿದದ್ದು ಮನೆಯ ‘ಬಾ’, ಶಾಲೆಯ ‘ವಾ’. ಎರಡಕ್ಕೂ ಅವನು ತಿರುಗಿ ನೋಡುತ್ತಾನೆ.

ಜೂನಿನ ಮಳೆಯಲ್ಲಿ ಹಾರನ್ ಕೇಳಿಸಿತು. ಅವಳು ಕೊಡೆ ಹುಡುಕುವಷ್ಟರಲ್ಲಿ ಅವನು ಮೆಟ್ಟಿಲವರೆಗೆ ತೆವಳಿದ್ದ.